ಪತ್ತೇದಾರಿ ಕಾದಂಬರಿಗಳೂ ನಮ್ಮ ಮಕ್ಕಳೂ

(ಸಂಘದ ವಾರ್ಷಿಕೋತ್ಸವದಂದು ಮಾನೋಪಾಡಿನಲ್ಲಿ ಪಾಲಕರನ್ನೂ ವಿದ್ಯಾರ್ಥಿಗಳನ್ನೂ ಉದ್ದೇಶಿಸಿ ಮುಖ್ಯೋಪಾಧ್ಯಾಯರು ಮಾಡಿದ ಭಾಷಣ)



ವಾರ್ಷಿಕೋತ್ಸವದ ಸಭೆಯಲ್ಲಿ ಮುಖ್ಯೋಪಾಧ್ಯಾಯರಾದವರು ಶಿಸ್ತು, ಶ್ರದ್ಧೆ, ಕಾಲಪಾಲನೆ ಮುಂತಾದ ವಿಷಯಗಳನ್ನು ಕುರಿತು ಮಾತನಾಡುವುದು ವಾಡಿಕೆ. ಹಿಂದಿನ ವರ್ಷಗಳಲ್ಲಿ ನಾವೂ ಹಾಗೆಯೇ ಮಾಡಿದ್ದೇವೆ. ಈ ಸಲ ಬೇರೊಂದು ವಿಷಯವನ್ನು ಕುರಿತು ನಾಲ್ಕು ಮಾತುಗಳನ್ನು ಅರಿಕೆ ಮಾಡಿಕೊಳ್ಳಬೇಕೆಂದಿದ್ದೇವೆ. ಆ ವಿಷಯ ಪತ್ತೇದಾರಿ ಕಾದಂಬರಿ. ಈ ಮಾತನ್ನು ಕೇಳಿ ಹಿರಿಯರಲ್ಲಿ ಕೆಲವರು ಹುಬ್ಬು ಗಂಟಿಕ್ಕಿರುವುದೂ, ಹಿಂದಿನ ಸಾಲಿನ ಹುಡುಗರು ಒಬ್ಬರನ್ನೊಬ್ಬರು ನೋಡಿ ನಕ್ಕಿರುವುದೂ ನಮಗೆ ಇಲ್ಲಿಂದಲೇ ಕಾಣುತ್ತಿದೆ.

ಇದಕ್ಕೆ ಕಾರಣವನ್ನು ಹೇಳುತ್ತೇವೆ. ಕೆಲವು ದಿನಗಳ ಹಿಂದೆ ಪಾಲಕರೊಬ್ಬರು ನಮ್ಮ ಕೊಠಡಿಗೆ ಬಂದು, ರಟ್ಟು ಹರಿದ ಪುಸ್ತಕವೊಂದನ್ನು ಮೇಜಿನ ಮೇಲಿಟ್ಟರು. ರಟ್ಟಿನ ಮೇಲೆ ಪಿಸ್ತೂಲು ಹಿಡಿದ ಕೈಯ ಚಿತ್ರವಿತ್ತು. ಅದು ಅವರ ಮಗನ ದಿಂಬಿನ ಕೆಳಗೆ ಸಿಕ್ಕಿತಂತೆ. "ಹುಡುಗ ಕೆಡುತ್ತಿದ್ದಾನೆ, ತಾವಾದರೂ ಬುದ್ಧಿ ಹೇಳಬೇಕು" ಎಂದು ಅವರು ಬಹಳ ನೊಂದು ಕೇಳಿಕೊಂಡರು. ನಾವು ಅಂದು ಸರಿಯಾದ ಉತ್ತರವನ್ನು ಕೊಡಲಿಲ್ಲ; ವಿಚಾರ ಮಾಡಿ ಹೇಳುತ್ತೇವೆಂದು ಕಳುಹಿಸಿಕೊಟ್ಟೆವು. ಕೊಡಲಾಗದುದಕ್ಕೆ ಹಳೆಯ ಕಾರಣವೊಂದಿತ್ತು. ಅದನ್ನು ಮುಂದೆ ನಿವೇದಿಸುತ್ತೇವೆ. ಅವರು ಇಂದು ಈ ಸಭೆಯಲ್ಲಿದ್ದಾರೆ. ಅವರಿಗೆ ಸಲ್ಲಬೇಕಾದ ಉತ್ತರವನ್ನು ಎಲ್ಲರ ಸಮಕ್ಷಮದಲ್ಲಿ ಸಲ್ಲಿಸುತ್ತಿದ್ದೇವೆ.

ಮೊದಲು, ಈ ಪುಸ್ತಕಗಳು ಓದುಗನನ್ನು ಹೀಗೆ ಹಿಡಿದು ನಿಲ್ಲಿಸುವುದು ಏತರಿಂದ ಎಂಬುದನ್ನು ನೋಡೋಣ.

ಸಾಧಾರಣವಾದ ಕಥೆಯು ಬಿತ್ತನೆಯಿಂದ ಮೊದಲಾಗಿ ಸುಗ್ಗಿಯಲ್ಲಿ ಮುಗಿಯುತ್ತದೆ. ಪತ್ತೇದಾರಿ ಕಥೆಯಾದರೋ ಕಣಜ ಬರಿದಾಗಿರುವುದನ್ನು ಕಂಡು ಮೊದಲಾಗುತ್ತದೆ. ಕಾಳು ಎಲ್ಲಿ ಹೋಯಿತು, ಯಾರು ಒಯ್ದರು, ಯಾವ ದಾರಿಯಿಂದ ಒಯ್ದರು ಎಂದು ಹಿಂದು ಹಿಂದಕ್ಕೆ ನಡೆಯುತ್ತದೆ. ಮುಗಿದುಹೋದುದನ್ನು ಮೊದಲು ಹೇಳಿ, ಆದಿಯನ್ನು ಕೊನೆಯ ಪುಟಕ್ಕೆ ಮುಚ್ಚಿಡುವುದೇ ಅದರ ಉಪಾಯ. ಮುಚ್ಚಿಟ್ಟುದನ್ನು ತೆರೆದು ನೋಡಬೇಕೆಂಬ ಆಸೆ ಮನುಷ್ಯನಿಗೆ ಹುಟ್ಟಿನಿಂದಲೇ ಬಂದದ್ದು. ಒಗಟಿಗೆ ಉತ್ತರ ತಿಳಿಯದೆ ನಿದ್ದೆಹೋದ ಮಗುವನ್ನು ನಾವಾರೂ ಕಂಡಿಲ್ಲ.

ಎರಡನೆಯದಾಗಿ, ಈ ಕಥೆಯಲ್ಲಿ ಓದುಗನಿಗೂ ಒಂದು ಕೆಲಸವಿದೆ. ರೇಖಾಗಣಿತದ ಪಾಠದಲ್ಲಿ ನಾವು ದತ್ತ, ಸಾಧನೀಯ, ಸಾಧನೆ ಎಂದು ಬರೆಯಿಸುತ್ತೇವಷ್ಟೆ. ಅಲ್ಲಿಯೂ ಅದೇ ಕ್ರಮ. ಕೆಸರಿನಲ್ಲಿ ಮೂಡಿದ ಹೆಜ್ಜೆ, ಹೊತ್ತಿಗೆ ಮುಂಚೆ ನಿಂತ ಗಡಿಯಾರ, ಬೊಗಳದೆ ಸುಮ್ಮನಿದ್ದ ನಾಯಿ, ಇವು ದತ್ತ. ಅಪರಾಧಿ ಯಾರೆಂಬುದು ಸಾಧನೀಯ. ಸಾಧನೆಯನ್ನು ಪತ್ತೇದಾರನು ಮಾಡಿ ತೋರಿಸುವುದಕ್ಕೆ ಮುನ್ನವೇ ತಾನು ಮಾಡಿಬಿಡಬೇಕೆಂಬ ಹಟ ಓದುಗನದು. ಗಣಿತದ ಪುಸ್ತಕವನ್ನು ಕಂಡು ಓಡುವ ಹುಡುಗನೂ ಅಲ್ಲಿ ಗಣಿತವನ್ನೇ ಮಾಡುತ್ತಿರುತ್ತಾನೆ. ಹಾಗೆಂದು ಅವನಿಗೆ ತಿಳಿಯದು, ಅಷ್ಟೆ.

ಮೂರನೆಯ ಕಾರಣ ಹಿರಿಯರಿಗೆ ಹೆಚ್ಚು ಅನ್ವಯಿಸುವಂತಹದು. ಲೋಕದಲ್ಲಿ ಕಳ್ಳನು ಸಿಕ್ಕುವುದು ಅಪರೂಪ. ಸಿಕ್ಕರೂ ವ್ಯಾಜ್ಯ ವರ್ಷಗಟ್ಟಲೆ ನಡೆಯುತ್ತದೆ. ಪುಸ್ತಕದಲ್ಲಿ ನೂರೈವತ್ತು ಪುಟಗಳೊಳಗೆ ಸತ್ಯ ಹೊರಬೀಳುತ್ತದೆ. ನ್ಯಾಯಕ್ಕಾಗಿ ಕಾದು ಕಾದು ದಣಿದ ಮನಸ್ಸಿಗೆ ಅದೊಂದು ಸಮಾಧಾನ.

ಇದೆಲ್ಲ ಇಂಗ್ಲಿಷಿನಿಂದ ಬಂದ ಚಟವೆಂದು ಹೇಳುವವರುಂಟು. ಈಗ ನಾವು ಪತ್ತೇದಾರಿ ಎಂದು ಕರೆಯುವ ರೂಪವೇನೋ ಅಲ್ಲಿಂದ ಬಂದದ್ದು ನಿಜ. ಅಮೆರಿಕೆಯ ಎಡ್ಗರ್ ಅಲನ್ ಪೋ 1841ರಲ್ಲಿ ಇಂತಹ ಮೊದಲ ಕಥೆಯನ್ನು ಬರೆದನು. ಮರುವರ್ಷವೇ, 1842ರಲ್ಲಿ, ಲಂಡನ್ ಪೊಲೀಸರಲ್ಲಿ ಪತ್ತೇದಾರಿಯ ವಿಭಾಗವೊಂದು ಸ್ಥಾಪಿತವಾಯಿತು. ವೈದ್ಯನಾಗಿದ್ದ ಆರ್ಥರ್ ಕಾನನ್ ಡಾಯಲ್, ರೋಗಿಯ ನಡಿಗೆಯನ್ನೂ ಕೈಯನ್ನೂ ನೋಡಿದ ಮಾತ್ರದಿಂದಲೇ ಅವನ ಕಸುಬನ್ನು ಹೇಳಬಲ್ಲವರಾಗಿದ್ದ ತನ್ನ ಗುರು ಜೋಸೆಫ್ ಬೆಲ್ ಅವರನ್ನು ಮಾದರಿಯಾಗಿಟ್ಟುಕೊಂಡು, 1887ರಲ್ಲಿ ಷರ್ಲಾಕ್ ಹೋಮ್ಸನನ್ನು ಸೃಷ್ಟಿಸಿದನು. 1893ರಲ್ಲಿ ಬೇಸರಗೊಂಡು ಅವನನ್ನು ಕಥೆಯಲ್ಲಿ ಸಾಯಿಸಿದಾಗ ಓದುಗರು ಸುಮ್ಮನಿರಲಿಲ್ಲ. ಹತ್ತು ವರ್ಷಗಳ ಬಳಿಕ ಅವನನ್ನು ಬದುಕಿಸಿ ತರಬೇಕಾಯಿತು.

ಆದರೆ ಕಳ್ಳನನ್ನೂ ಅವನನ್ನು ಹುಡುಕುವವನನ್ನೂ ಎದುರೆದುರು ನಿಲ್ಲಿಸಿ ಕಥೆ ಹೇಳುವುದನ್ನು ಕನ್ನಡವು ಅನ್ಯರಿಂದ ಕಲಿಯಬೇಕಾಗಿರಲಿಲ್ಲ. ಸಾವಿರ ವರ್ಷಗಳಿಗೂ ಹಿಂದಿನ ನಮ್ಮ ಗದ್ಯಗ್ರಂಥವಾದ ವಡ್ಡಾರಾಧನೆಯಲ್ಲಿ ವಿದ್ಯುಚ್ಚೋರನ ಕಥೆಯಿದೆ. ಮಿಥಿಳೆಯಲ್ಲಿ ವಾಮರಥನೆಂಬ ಅರಸು. ಯಮದಂಡನೆಂಬವನು ಅವನ ತಳಾರ, ಎಂದರೆ ಊರಿನ ಕಾವಲಿನ ಅಧಿಕಾರಿ. ವಿದ್ಯುಚ್ಚೋರನು ಹಗಲೆಲ್ಲ ಕುಷ್ಠರೋಗಿಯ ವೇಷದಲ್ಲಿ ಪಾಳುಗುಡಿಯಲ್ಲಿ ಬಿದ್ದುಕೊಂಡಿದ್ದು, ಇರುಳು ಕಳ್ಳತನ ಮಾಡುತ್ತಾನೆ. ಅರಸನ ಹಾರವೇ ಕಳುವಾಗುತ್ತದೆ. ಏಳು ದಿನಗಳೊಳಗೆ ಕಳ್ಳನನ್ನು ಹಿಡಿದು ತಾರದಿದ್ದರೆ ತಳಾರನಿಗೇ ಶಿಕ್ಷೆ. ಕಡೆಗೆ ಅವನು ಆ ರೋಗಿಯನ್ನು ಹಿಡಿದು ತಂದು ನಾನಾ ವಿಧವಾಗಿ ಹಿಂಸಿಸಿದರೂ ಅವನ ಬಾಯಿಂದ ಸತ್ಯ ಬರುವುದಿಲ್ಲ. ಅರಸನು ಅಭಯವನ್ನು ಕೊಟ್ಟ ಮೇಲೆಯೇ ಬರುತ್ತದೆ. ಆಗ ಆ ಕಳ್ಳನೂ ತಳಾರನೂ ಬಾಲ್ಯದ ಗೆಳೆಯರೆಂಬುದೂ, ಒಬ್ಬನು ಕದಿಯುವುದಾಗಿಯೂ ಇನ್ನೊಬ್ಬನು ಕಾಯುವುದಾಗಿಯೂ ಎಳೆಯಂದೇ ಮಾತಾಗಿತ್ತೆಂಬುದೂ ತಿಳಿಯುತ್ತದೆ. ವೇಷ, ಗಡುವು, ರಹಸ್ಯ, ಕೊನೆಯಲ್ಲಿ ಬಯಲಾಗುವ ಗುಟ್ಟು, ಇವುಗಳಲ್ಲಿ ಇಂದಿನ ಕಾದಂಬರಿಗೆ ಬೇಕಾದುದು ಯಾವುದು ಇಲ್ಲ? ಹೊಡೆತದಿಂದ ಸತ್ಯ ಹೊರಡದೆಂಬ ಒಂದು ಅಂಶವಂತೂ ಅಲ್ಲಿ ಹೆಚ್ಚಾಗಿಯೇ ಇದೆ.

ಇನ್ನು ನಮ್ಮ ಕಾಲಕ್ಕೆ ಸಮೀಪವಾದ ಸಂಗತಿಗೆ ಬರೋಣ. 1950ರ ದಶಕದಿಂದ ಮುಂದಕ್ಕೆ ಕನ್ನಡದಲ್ಲಿ ಪತ್ತೇದಾರಿ ಕಾದಂಬರಿ ಎಂದರೆ ಮೊದಲು ನೆನಪಾಗುತ್ತಿದ್ದ ಹೆಸರು ಶ್ರೀ ಎನ್. ನರಸಿಂಹಯ್ಯನವರದು. ಅವರ ಶಾಲೆಯ ಓದು ನಾಲ್ಕನೆಯ ತರಗತಿಗೆ ನಿಂತುಹೋಯಿತು. ಆದರೆ 2011ರಲ್ಲಿ ತೀರಿಕೊಳ್ಳುವ ಹೊತ್ತಿಗೆ ಅವರು ಬರೆದಿದ್ದ ಕಾದಂಬರಿಗಳ ಸಂಖ್ಯೆ ಐನೂರನ್ನು ಮೀರಿತ್ತು. ಅವರ ಪತ್ತೇದಾರ ಪುರುಷೋತ್ತಮನನ್ನು ಬಲ್ಲ ಅಜ್ಜಂದಿರು ಈ ಸಭೆಯಲ್ಲಿಯೂ ಇದ್ದಾರು. ಬಾಡಿಗೆಗೆ ಪುಸ್ತಕ ಕೊಡುವ ಅಂಗಡಿಗಳಲ್ಲಿ, ಬಸ್ ನಿಲ್ದಾಣಗಳಲ್ಲಿ, ಕ್ಷೌರದ ಅಂಗಡಿಯ ಬೆಂಚಿನ ಮೇಲೆ ಆ ಪುಸ್ತಕಗಳು ಕೈಯಿಂದ ಕೈಗೆ ಸಾಗಿದವು. ಚಿಕ್ಕ ವಾಕ್ಯ, ಬಳಕೆಯ ಮಾತು, ಅಧ್ಯಾಯದ ಕೊನೆಗೊಂದು ಕುತೂಹಲ. ನಾಲ್ಕನೆಯ ತರಗತಿಯನ್ನು ಓದಿದವರು ಬರೆದುದನ್ನು ನಾಲ್ಕನೆಯ ತರಗತಿಯನ್ನು ಓದಿದವರು ಓದಿದರು. ಇದನ್ನು ಹಗುರವಾಗಿ ಹೇಳುತ್ತಿದ್ದೇವೆಂದು ತಿಳಿಯಬಾರದು. ಶಾಲೆಯನ್ನು ಬಿಟ್ಟ ಮೇಲೆ ಅಕ್ಷರವನ್ನು ಮರೆತುಬಿಡಬಹುದಾಗಿದ್ದ ಎಷ್ಟೋ ಮಂದಿ ಆ ಪುಸ್ತಕಗಳ ದೆಸೆಯಿಂದ ಅಕ್ಷರವನ್ನು ಉಳಿಸಿಕೊಂಡರು.

ಅದೇ ಕಾಲದಲ್ಲಿ ಪತ್ತೇದಾರಿ ಕಾದಂಬರಿಗಳನ್ನು ಬರೆದ ಇನ್ನೊಬ್ಬರು ಶ್ರೀ ಮ. ರಾಮಮೂರ್ತಿಯವರು. ಇಂದು ರಾಜ್ಯೋತ್ಸವದ ದಿನ ಕನ್ನಡಿಗರು ಏರಿಸುವ ಹಳದಿ ಕೆಂಪು ಬಾವುಟವನ್ನು ರೂಪಿಸಿದವರು ಅವರೇ. ಕನ್ನಡಕ್ಕಾಗಿ ಬೀದಿಗಿಳಿದು ಹೋರಾಡಿದ ಕೈಯೇ ರಹಸ್ಯ ಕಥೆಗಳನ್ನೂ ಬರೆಯಿತು. ಜನರು ಕನ್ನಡವನ್ನು ಓದಬೇಕಾದರೆ, ಅವರು ಓದಲು ಬಯಸುವಂತಹುದು ಕನ್ನಡದಲ್ಲಿ ಇರಬೇಕಷ್ಟೆ.

ನಮ್ಮ ಸುತ್ತಲಿನ ಭಾಷೆಗಳಲ್ಲಿಯೂ ಹೀಗೆಯೇ ನಡೆಯಿತು. ತೆಲುಗಿನಲ್ಲಿ ಕೊಮ್ಮೂರಿ ಸಾಂಬಶಿವರಾವ್ ಅವರ ಡಿಟೆಕ್ಟಿವ್ ಯುಗಂಧರ್, ಉರ್ದುವಿನಲ್ಲಿ 1952ರಲ್ಲಿ ಆರಂಭವಾದ ಇಬ್ನೆ ಸಫಿಯವರ ಜಾಸೂಸಿ ದುನಿಯಾ, ಬಂಗಾಳಿಯಲ್ಲಿ 1932ರಲ್ಲಿ ಹುಟ್ಟಿದ ಶರದಿಂದು ಬಂದ್ಯೋಪಾಧ್ಯಾಯರ ವ್ಯೋಮಕೇಶ ಬಕ್ಷಿ. ಮೂರು ನಾಲ್ಕು ಭಾಷೆಗಳನ್ನು ಬೆರೆಸಿ ಆಡುವ ನಮ್ಮ ಸೀಮೆಯ ಹಿರಿಯರಲ್ಲಿ ಕೆಲವರು ಇವುಗಳಲ್ಲಿ ಎರಡನ್ನಾದರೂ ಓದಿರಬಹುದು. ಈಗ ಮಕ್ಕಳ ಮುಂದೆ ಅದನ್ನು ಒಪ್ಪಿಕೊಳ್ಳಲು ಸಂಕೋಚಪಡುತ್ತಾರೆ, ಅಷ್ಟೆ.

ನಮ್ಮ ಸೀಮೆ ಎಂದೆವು. ಅದರ ಸ್ಥಿತಿಯನ್ನು ತಾವೆಲ್ಲ ಬಲ್ಲಿರಿ. 1956ರ ನವೆಂಬರ್ 1ರವರೆಗೆ ಆಲಂಪುರ, ಗದ್ವಾಲ ತಾಲ್ಲೂಕುಗಳು ಹೈದರಾಬಾದ್ ರಾಜ್ಯದ ರಾಯಚೂರು ಜಿಲ್ಲೆಯಲ್ಲಿದ್ದವು. ರಾಜ್ಯಗಳ ಪುನರ್ವಿಂಗಡಣೆಯಲ್ಲಿ ರಾಯಚೂರು ಅತ್ತ ಹೋಯಿತು, ನಾವು ಇತ್ತ ಉಳಿದೆವು. 2014ರಲ್ಲಿ ತೆಲಂಗಾಣ, 2016ರಲ್ಲಿ ಜೋಗುಳಾಂಬ ಗದ್ವಾಲ ಜಿಲ್ಲೆ. ಹೆಸರುಗಳು ಬದಲಾದವು, ಮನೆಯ ಮಾತು ಬದಲಾಗಲಿಲ್ಲ. ಆದರೆ ನಮ್ಮ ಮಗುವಿನ ಕಣ್ಣಿಗೆ ಬೀಳುವ ಅಂಗಡಿಯ ಹಲಗೆ ತೆಲುಗು, ಬಸ್ಸಿನ ಫಲಕ ತೆಲುಗು, ಬೀಜದ ಚೀಲದ ಮೇಲಿನ ಬರಹ ತೆಲುಗು ಅಥವಾ ಇಂಗ್ಲಿಷು. ಇದರಲ್ಲಿ ದೂರುವಂತಹುದೇನೂ ಇಲ್ಲ. ತೆಲುಗು ನಮ್ಮ ನೆರೆಮನೆಯ ತಾಯಿ. ನಮ್ಮ ಮಂಡಲದ ಬೋರವೆಲ್ಲಿಯಲ್ಲಿ 1896ರಲ್ಲಿ ಜನಿಸಿದ ಸುರವರಂ ಪ್ರತಾಪರೆಡ್ಡಿಯವರು ತೆಲುಗಿಗೆ ಓದುಗರು ವಿರಳವಾಗಿದ್ದ ಹೈದರಾಬಾದಿನಲ್ಲಿ 1926ರಲ್ಲಿ ಗೋಲ್ಕೊಂಡ ಪತ್ರಿಕೆಯನ್ನು ಹೊರಡಿಸಿದರು. ತೆಲಂಗಾಣದಲ್ಲಿ ಕವಿಗಳೇ ಇಲ್ಲವೆಂದು ಯಾರೋ ಹೀಯಾಳಿಸಿದಾಗ, 1934ರಲ್ಲಿ ಮುನ್ನೂರೈವತ್ತಕ್ಕೂ ಹೆಚ್ಚು ಕವಿಗಳ ಪದ್ಯಗಳನ್ನು ಕೂಡಿಸಿ ಗ್ರಂಥವನ್ನೇ ಪ್ರಕಟಿಸಿ ಉತ್ತರ ಕೊಟ್ಟರು. ನುಡಿಯೊಂದು ನಿಲ್ಲುವುದು ಅದನ್ನು ಬರೆಯುವವರಿಂದಲೂ ಓದುವವರಿಂದಲೂ ಎಂಬ ಪಾಠವನ್ನು ನಮ್ಮ ಮಣ್ಣಿನವರೇ ಕಲಿಸಿದ್ದಾರೆ.

ಹಾಗಿರುವಲ್ಲಿ, ಪಠ್ಯಪುಸ್ತಕವೊಂದನ್ನು ಬಿಟ್ಟರೆ ನಮ್ಮ ಮಗುವಿನ ಕೈಗೆ ತಾನಾಗಿ ಬರುವ ಕನ್ನಡ ಪುಸ್ತಕ ಯಾವುದು? ಈ ಪ್ರಶ್ನೆಯನ್ನು ಕೇಳಿಕೊಳ್ಳದೆ, ಕೈಗೆ ಬಂದ ಒಂದನ್ನೂ ಕಿತ್ತುಕೊಂಡರೆ ಏನಾಗುತ್ತದೆಂಬುದನ್ನು ನಾವು ಕಣ್ಣಾರೆ ಕಂಡಿದ್ದೇವೆ. ಮೊದಲು ಹೇಳಿದ ಹಳೆಯ ಕಾರಣ ಇದೇ.

ಬಹಳ ವರ್ಷಗಳ ಹಿಂದೆ ನಾವು ಬೇರೊಂದು ಊರಿನಲ್ಲಿ ಸಹೋಪಾಧ್ಯಾಯರಾಗಿದ್ದೆವು. ಒಂಬತ್ತನೆಯ ತರಗತಿಯಲ್ಲಿ ಒಬ್ಬ ಹುಡುಗನಿದ್ದನು. ಹತ್ತಿ ಬಿಡಿಸುವ ಕಾಲದಲ್ಲಿ ತಿಂಗಳುಗಟ್ಟಲೆ ಶಾಲೆಗೆ ಬರುತ್ತಿರಲಿಲ್ಲ, ಓದು ತಡವರಿಕೆ. ಒಂದು ದಿನ ಸಮಾಜಪಾಠದ ಪುಸ್ತಕವನ್ನು ಎದುರಿಗೆ ಹಿಡಿದು ಎಂದೂ ಇಲ್ಲದ ತನ್ಮಯತೆಯಿಂದ ಓದುತ್ತಿದ್ದನು. ಹತ್ತಿರ ಹೋಗಿ ನೋಡಿದರೆ ಒಳಗೊಂದು ಪತ್ತೇದಾರಿ ಕಾದಂಬರಿ. ರಾಯಚೂರಿನಲ್ಲಿ ಹಮಾಲಿ ಮಾಡುತ್ತಿದ್ದ ಅಣ್ಣನು ಹಳೆಯ ಪುಸ್ತಕಗಳ ರಾಶಿಯಿಂದ ಕೊಂಡು ತಂದುದಂತೆ. ನಾವು ಅದನ್ನು ಕಿತ್ತುಕೊಂಡು, ತರಗತಿಯ ಮುಂದೆ ನಿಲ್ಲಿಸಿ, ಆಡಬಾರದ ಮಾತುಗಳನ್ನಾಡಿದೆವು. ಅವನು "ಇನ್ನ ಎಂಟ ಹಾಳಿ ಉಳದಾವ್ರಿ ಸರ್, ಓದಿ ನಿಮಗೇ ಕೊಡ್ತೀನ್ರಿ" ಎಂದನು. ನಾವು ಕೇಳಲಿಲ್ಲ. ಪುಸ್ತಕವನ್ನು ಕಪಾಟಿನಲ್ಲಿಟ್ಟು ಬೀಗ ಹಾಕಿದೆವು. ಮೂರು ನಾಲ್ಕು ದಿನ ಸಂಜೆ ಬಂದು ಬಾಗಿಲಲ್ಲಿ ನಿಂತನು. ಆಮೇಲೆ ಬರಲಿಲ್ಲ. ಆ ವರ್ಷದ ಹತ್ತಿಯ ಕಾಲಕ್ಕೆ ಶಾಲೆಯನ್ನೇ ಬಿಟ್ಟನು. ನಮಗೂ ಬೇರೆ ಊರಿಗೆ ವರ್ಗವಾಯಿತು. ಪುಸ್ತಕ ಅಲ್ಲಿಯೇ ಉಳಿಯಿತು.

ಪುಸ್ತಕವನ್ನು ಕಿತ್ತುಕೊಂಡುದರಿಂದಲೇ ಅವನು ಶಾಲೆ ಬಿಟ್ಟನೆಂದು ನಾವು ಹೇಳುವುದಿಲ್ಲ. ಬಡತನ ಅದಕ್ಕಿಂತ ದೊಡ್ಡ ಕಾರಣ. ಆದರೆ ಮೂರು ವರ್ಷಗಳ ಹಿಂದೆ ಹತ್ತಿಯ ಜಿನ್ನಿನ ಮುಂದೆ ಅವನು ನಮ್ಮನ್ನು ಗುರುತಿಸಿ ಬಂದು ನಮಸ್ಕಾರ ಮಾಡಿದನು. ಕ್ಷೇಮಸಮಾಚಾರವಾಯಿತು. ಚಹ ಕುಡಿಸಿದನು. ಹೊರಡುವಾಗ ನಗುತ್ತಾ, "ಸರ್, ಆ ಪುಸ್ತಕದಾಗ ಕೊಂದಾವ ಯಾರು ಅಂತ ಈಗರ ಹೇಳ್ರಿ" ಎಂದನು.

ನಮಗೆ ಉತ್ತರ ತಿಳಿದಿರಲಿಲ್ಲ. ಪುಸ್ತಕದ ಹೆಸರು ಕೂಡ ನೆನಪಿರಲಿಲ್ಲ. ಅದನ್ನು ನಾವು ತೆರೆದೇ ನೋಡಿರಲಿಲ್ಲ. ಅಂದಿನಿಂದ ಬೇರೆ ಪುಸ್ತಕವನ್ನೇನಾದರೂ ಓದಿದೆಯಾ ಎಂದು ಕೇಳಿದೆವು. "ಇಲ್ರಿ ಸರ್, ಆಮ್ಯಾಲೆ ಯಾವ್ದೂ ಹಿಡೀಲಿಲ್ಲ" ಎಂದನು. ಆ ಮಾತಿನಲ್ಲಿ ದೂರು ಇರಲಿಲ್ಲ. ಇದ್ದಿದ್ದರೆ ನಮಗೆ ಇಷ್ಟು ಭಾರವಾಗುತ್ತಿರಲಿಲ್ಲ.

ಪಾಲಕರೆ, ಆ ದಿನ ತಾವು ಪುಸ್ತಕವನ್ನು ಮೇಜಿನ ಮೇಲಿಟ್ಟಾಗ ನಾವು ಮಾತು ತಪ್ಪಿದುದು ಇದರಿಂದ. ಈ ಸಲ ಮಾತ್ರ ಆ ಪುಸ್ತಕವನ್ನು ಮೊದಲಿನಿಂದ ಕೊನೆಯವರೆಗೆ ಓದಿದ್ದೇವೆ. ಅದರ ಜೊತೆಗೆ ಇನ್ನೂ ಹತ್ತಾರನ್ನು ಓದಿದ್ದೇವೆ. ಆದುದರಿಂದ ಈಗ ಅವುಗಳ ದೋಷವನ್ನೂ ಗುಣವನ್ನೂ ಹೇಳುವ ಅಧಿಕಾರ ನಮಗೆ ಸ್ವಲ್ಪಮಟ್ಟಿಗೆ ಬಂದಿದೆ.

ದೋಷಗಳು ಇವೆ. ಒಂದರಂತೆ ಇನ್ನೊಂದು, ಹತ್ತು ಓದಿದವನಿಗೆ ಹನ್ನೊಂದನೆಯದು ಹಳಸಿದ ಅನ್ನ. ಹೆಂಗಸು ಎಂದರೆ ಒಂದೋ ಆಪತ್ತಿಗೆ ಸಿಕ್ಕಿದವಳು, ಇಲ್ಲವೇ ಮೋಸಗಾತಿ. ನಮ್ಮ ತಾಯಂದಿರಂತೆ ದುಡಿದು ಮನೆ ನಡೆಸುವವಳು ಅಲ್ಲಿ ಕಾಣಿಸುವುದು ಅಪರೂಪ. ಸತ್ತವನನ್ನು ಕುರಿತು ಯಾರೂ ಅಳುವುದಿಲ್ಲ; ಅವನು ಕಥೆಗೆ ನೆಪ ಮಾತ್ರ. ಇವೆಲ್ಲಕ್ಕಿಂತ ಕೆಟ್ಟದು, ಕೆಲವು ಕೀಳುತರದ ಪುಸ್ತಕಗಳಲ್ಲಿ ಮುಖದಲ್ಲಿ ಕಲೆಯುಳ್ಳವನು, ಕುಂಟನು, ಅಲೆಮಾರಿಯು ಹುಟ್ಟಿನಿಂದಲೇ ಅಪರಾಧಿ ಎಂಬಂತೆ ಬರೆದಿರುತ್ತಾರೆ. ಇದು ಸಣ್ಣ ತಪ್ಪಲ್ಲ. ಬ್ರಿಟಿಷ್ ಸರ್ಕಾರವು 1871ರಲ್ಲಿ ಕಾಯಿದೆಯೊಂದನ್ನು ಮಾಡಿ, ಕೆಲವು ಸಮುದಾಯಗಳನ್ನು ಹುಟ್ಟಿನಿಂದಲೇ ಅಪರಾಧಿಗಳೆಂದು ಪಟ್ಟಿಮಾಡಿತ್ತು. ಸ್ವತಂತ್ರ ಭಾರತವು 1952ರಲ್ಲಿ ಅದನ್ನು ತೊಡೆದುಹಾಕಿತು. ಕಾಯಿದೆ ಹೋದರೂ ಆ ಸಂಶಯ ಜನರ ಮನಸ್ಸಿನಿಂದ ಪೂರ್ತಿಯಾಗಿ ಹೋಗಿಲ್ಲ. ಅಂತಹ ಪುಸ್ತಕವನ್ನು ಕಂಡಾಗ ಮಕ್ಕಳಿಗೆ ತಪ್ಪನ್ನು ತೋರಿಸಿಕೊಡುವುದು ನಮ್ಮ ಕರ್ತವ್ಯ.

ಇನ್ನು ಗುಣ. ಒಳ್ಳೆಯ ಪತ್ತೇದಾರಿ ಕಥೆಗಳಲ್ಲಿ ಸಾಮಾನ್ಯವಾಗಿ ಒಂದು ನಿಯಮ ಉಂಟು. ಮಕ್ಕಳಿಗೆ ಅದು ಚೆನ್ನಾಗಿ ಗೊತ್ತು. ಎಲ್ಲಕ್ಕಿಂತ ಮೊದಲು ಯಾರ ಮೇಲೆ ಸಂಶಯ ಬರುತ್ತದೆಯೋ ಅವನು ಅಪರಾಧಿಯಲ್ಲ. ಊರೆಲ್ಲ ಅವನನ್ನೇ ಬೆರಳು ಮಾಡಿ ತೋರಿಸುತ್ತದೆ. ಅವಸರದ ಪೊಲೀಸ್ ಅಧಿಕಾರಿ ಅವನಿಗೆ ಕೈಕೋಳ ತೊಡಿಸುತ್ತಾನೆ. ಪತ್ತೇದಾರನೊಬ್ಬನು ಮಾತ್ರ, "ಸ್ವಲ್ಪ ತಾಳಿ, ಸಾಕ್ಷ್ಯವೆಲ್ಲಿ?" ಎನ್ನುತ್ತಾನೆ. ಕಥೆ ನಿಂತಿರುವುದೇ ಆ ಒಂದು ಪ್ರಶ್ನೆಯ ಮೇಲೆ.

ಈ ಪ್ರಶ್ನೆಯನ್ನು ಕೇಳದಿದ್ದರೆ ಏನಾಗುತ್ತದೆಂಬುದು ನಮ್ಮ ಭಾಗದವರಿಗೆ ತಿಳಿದಿದೆ. 2018ರ ಬೇಸಿಗೆಯಲ್ಲಿ ಮಕ್ಕಳ ಕಳ್ಳರು ಬಂದಿದ್ದಾರೆಂಬ ಸುಳ್ಳು ಸುದ್ದಿ ಮೊಬೈಲು ಫೋನುಗಳಲ್ಲಿ ಊರಿಂದೂರಿಗೆ ಹರಿಯಿತು. ಹಲವು ಕಡೆಗಳಲ್ಲಿ ಅಪರಿಚಿತರನ್ನು ಹಿಡಿದು ಹೊಡೆದರು. ನಮ್ಮ ಗದ್ವಾಲ ಜಿಲ್ಲೆಯಲ್ಲಿ ಅಂದಿನ ಪೊಲೀಸ್ ಅಧೀಕ್ಷಕರಾಗಿದ್ದ ಶ್ರೀಮತಿ ರೆಮಾ ರಾಜೇಶ್ವರಿಯವರು ಪೊಲೀಸರನ್ನು ಹಳ್ಳಿಹಳ್ಳಿಗೆ ಕಳುಹಿಸಿ, ಜಾನಪದ ಗಾಯಕರಿಂದ ಹಾಡಿಸಿ, ಕಂಡುದನ್ನೆಲ್ಲ ನಂಬಬೇಡಿರೆಂದು ತಿಳಿಯಹೇಳಿಸಿದರು. ಅದೇ ವರ್ಷದ ಜುಲೈ ತಿಂಗಳಲ್ಲಿ, ಗಡಿಯಾಚೆಗಿನ ಬೀದರ ಜಿಲ್ಲೆಯ ಮುರ್ಕಿ ಗ್ರಾಮದಲ್ಲಿ, ಹೈದರಾಬಾದಿನಿಂದ ಬಂದಿದ್ದ ಯುವಕನೊಬ್ಬನನ್ನು ಜನರ ಗುಂಪು ಹೊಡೆದು ಕೊಂದಿತು. ಮಕ್ಕಳಿಗೆ ಚಾಕಲೇಟು ಹಂಚಿದುದೇ ಸಂಶಯಕ್ಕೆ ಕಾರಣವಾಗಿತ್ತು. ಅಲ್ಲಿ ಸೇರಿದ್ದವರೆಲ್ಲ ದುಷ್ಟರೆಂದು ನಾವು ತಿಳಿಯುವುದಿಲ್ಲ. ತಮ್ಮ ಮಕ್ಕಳಿಗಾಗಿ ಹೆದರಿದ ತಂದೆಗಳೂ ಅವರಲ್ಲಿ ಇದ್ದಿರಬೇಕು. ಆದರೆ, "ತಾಳಿ, ಸಾಕ್ಷ್ಯವೆಲ್ಲಿ?" ಎಂಬ ಮಾತು ಆ ಗುಂಪಿನ ಗದ್ದಲದಲ್ಲಿ ಒಬ್ಬ ಮನುಷ್ಯನ ಪ್ರಾಣವನ್ನು ಉಳಿಸುವಷ್ಟು ಗಟ್ಟಿಯಾಗಿ ಕೇಳಿಸಲಿಲ್ಲ.

ಕಾದಂಬರಿ ಓದಿದವರೆಲ್ಲ ವಿವೇಕಿಗಳಾಗುತ್ತಾರೆಂದು ನಾವು ಹೇಳಹೊರಟಿಲ್ಲ. ಹಾಗಿದ್ದಿದ್ದರೆ ಲೋಕ ಎಂದೋ ಸರಿಹೋಗುತ್ತಿತ್ತು. ಆದರೆ ಒಂದು ಮಗುವು ನೂರೈವತ್ತು ಪುಟಗಳವರೆಗೆ ತನ್ನ ತೀರ್ಪನ್ನು ತಡೆಹಿಡಿದು ಕಾಯುವುದನ್ನು ಕಲಿತರೆ, ಮತ್ತು ತಾನು ಬಲವಾಗಿ ನಂಬಿದ್ದುದು ಕಡೆಯ ಪುಟದಲ್ಲಿ ತಪ್ಪೆಂದು ಕಂಡಾಗ ನಕ್ಕು ಒಪ್ಪಿಕೊಳ್ಳುವುದನ್ನು ಕಲಿತರೆ, ಅದು ಸಾಮಾನ್ಯವಾದ ವಿದ್ಯೆಯಲ್ಲ. ಬಿ.ಎ., ಬಿ.ಟಿ. ಪದವಿಗಳನ್ನು ಪಡೆದ ನಾವೇ ಅದನ್ನು ಕಲಿತಿರಲಿಲ್ಲ. ಆ ಹುಡುಗನನ್ನೂ ಅವನ ಪುಸ್ತಕವನ್ನೂ ವಿಚಾರಣೆಯಿಲ್ಲದೆ ಶಿಕ್ಷಿಸಿದವರು ನಾವು.

ಹಾಗೆಂದು ಮಕ್ಕಳು ಅಲ್ಲಿಯೇ ನಿಂತುಬಿಡಬೇಕೆ? ಖಂಡಿತ ನಿಲ್ಲಬಾರದು. ಮೆಟ್ಟಿಲಿರುವುದು ಏರುವುದಕ್ಕೆ, ಕೂರುವುದಕ್ಕಲ್ಲ. ಶ್ರೀ ಕೆ.ಪಿ. ಪೂರ್ಣಚಂದ್ರ ತೇಜಸ್ವಿಯವರ "ಚಿದಂಬರ ರಹಸ್ಯ"ವನ್ನು ನಮ್ಮ ಹತ್ತನೆಯ ತರಗತಿಯವರು ಓದಬಲ್ಲರು. 1985ರಲ್ಲಿ ಬಂದ ಈ ಕಾದಂಬರಿಗೆ 1987ರಲ್ಲಿ ಕೇಂದ್ರ ಸಾಹಿತ್ಯ ಅಕಾದೆಮಿಯ ಪ್ರಶಸ್ತಿ ದೊರೆಯಿತು. ಅದೂ ಪತ್ತೇದಾರಿಯಂತೆಯೇ ಮೊದಲಾಗುತ್ತದೆ; ಏಲಕ್ಕಿ ಬೆಳೆಯ ಅವನತಿಗೆ ಕಾರಣವನ್ನು ಪತ್ತೆಮಾಡಲು ಅಧಿಕಾರಿಯೊಬ್ಬನು ಮಲೆನಾಡಿನ ಊರಿಗೆ ಬರುತ್ತಾನೆ. ಆದರೆ ಓದುತ್ತ ಹೋದಂತೆ, ಅಪರಾಧಿ ಯಾರೆಂಬ ಪ್ರಶ್ನೆ ಹಿಂದೆ ಸರಿದು, ಒಂದು ಊರು ತನ್ನ ಜಾತಿ ಮತಗಳ ಜಗಳದಲ್ಲಿ ಮುಳುಗಿ ತನ್ನ ಕಾಡನ್ನೂ ಬಾಳನ್ನೂ ಹೇಗೆ ಕಳೆದುಕೊಳ್ಳುತ್ತದೆಂಬ ದೊಡ್ಡ ಪ್ರಶ್ನೆ ಎದುರಿಗೆ ನಿಲ್ಲುತ್ತದೆ. ಸಣ್ಣ ರಹಸ್ಯಗಳ ಬೆನ್ನುಹತ್ತಿ ಓದಲು ಕಲಿತವನಿಗೇ ಈ ದೊಡ್ಡ ರಹಸ್ಯದ ಬಾಗಿಲೂ ತೆರೆಯುತ್ತದೆ. ಮೊದಲ ಮೆಟ್ಟಿಲನ್ನು ಕಿತ್ತುಹಾಕಿ, ಮಹಡಿಗೆ ಹಾರು ಎಂದರೆ ಮಗು ಎಲ್ಲಿಗೆ ಹಾರೀತು?

ಇನ್ನು ಮುಗಿಸುತ್ತೇವೆ. ಮುಗಿಸುವ ಮುನ್ನ ಮೂವರಲ್ಲಿ ಮೂರು ವಿಜ್ಞಾಪನೆಗಳು.

ಪಾಲಕರಲ್ಲಿ: ಮಗುವಿನ ಕೈಯಲ್ಲಿ ಇಂತಹ ಪುಸ್ತಕವನ್ನು ಕಂಡರೆ ಕಿತ್ತುಕೊಳ್ಳಬೇಡಿ. ಪಾಠದ ಹೊತ್ತು ಯಾವುದು, ಕಥೆಯ ಹೊತ್ತು ಯಾವುದು ಎಂದು ಗೊತ್ತುಪಡಿಸಿರಿ. ಅದು ತಮ್ಮ ಹಕ್ಕು. ರಾತ್ರಿ ಊಟದ ವೇಳೆಗೆ, "ಎಲ್ಲಿಯವರೆಗೆ ಬಂತು, ನಿನಗೆ ಯಾರ ಮೇಲೆ ಸಂಶಯ, ಏಕೆ?" ಎಂದು ಕೇಳಿರಿ. ಓದು ಬಾರದ ತಾಯಂದಿರು ಗಟ್ಟಿಯಾಗಿ ಓದಿಸಿ ಕೇಳಿರಿ. ಕಥೆಯನ್ನು ಕನ್ನಡದಲ್ಲಿ ಹೇಳಿದ ಮಗುವಿಗೆ ಪರೀಕ್ಷೆಯಲ್ಲಿ ಪ್ರಬಂಧವನ್ನು ಬರೆಯುವುದು ಕಷ್ಟವಾಗದು.

ವಿದ್ಯಾರ್ಥಿಗಳಲ್ಲಿ: ಬಚ್ಚಿಟ್ಟುಕೊಂಡು ಓದಬೇಡಿರಿ, ಬಚ್ಚಿಟ್ಟುದೆಲ್ಲ ಕಳವಿನ ಮಾಲಿನಂತೆ ಕಾಣುತ್ತದೆ. ಹತ್ತು ಪತ್ತೇದಾರಿ ಪುಸ್ತಕಗಳನ್ನು ಓದಿದವರು ಹನ್ನೊಂದನೆಯದಾಗಿ ನಾವು ಹೇಳಿದ ಒಂದು ಪುಸ್ತಕವನ್ನು ಓದಬೇಕು. ಮೊಬೈಲಿನಲ್ಲಿ ಯಾರನ್ನಾದರೂ ದೂಷಿಸುವ ಸುದ್ದಿ ಬಂದರೆ, ಇನ್ನೊಬ್ಬರಿಗೆ ದಾಟಿಸುವ ಮುನ್ನ ನಿಮ್ಮ ಪತ್ತೇದಾರನು ಏನು ಕೇಳುತ್ತಿದ್ದನೆಂದು ನೆನೆದುಕೊಳ್ಳಿರಿ.

ಸಂಘದ ಹಿರಿಯರಲ್ಲಿ: ಬರುವ ವರ್ಷದ ಅಂದಾಜಿನಲ್ಲಿ ನಮ್ಮ ಶಾಲೆಗೆ ಒಂದು ಪುಸ್ತಕದ ಕಪಾಟನ್ನು ಸೇರಿಸಬೇಕೆಂದು ಕೋರುತ್ತೇವೆ. ಅದರಲ್ಲಿ ವಚನಗಳೂ ಇರಲಿ, ವಿಜ್ಞಾನವೂ ಇರಲಿ, ಪತ್ತೇದಾರಿ ಕಾದಂಬರಿಗಳೂ ಇರಲಿ. ರಾಯಚೂರಿನ ಹಳೆಯ ಪುಸ್ತಕಗಳ ಅಂಗಡಿಗಳಲ್ಲಿ ಹುಡುಕಿ ತರುವ ಕೆಲಸವನ್ನು ನಾವೇ ವಹಿಸಿಕೊಳ್ಳುತ್ತೇವೆ. ಹೆಚ್ಚು ಬೆಲೆಯ ಕಪಾಟು ಬೇಕಾಗಿಲ್ಲ. ಅದಕ್ಕೆ ಬೀಗವಿಲ್ಲದಿದ್ದರೆ ಸಾಕು.

ಆ ಪಾಲಕರ ಮಗನಿಗೆ ಅವನ ಪುಸ್ತಕವನ್ನು ಈ ವೇದಿಕೆಯ ಮೇಲೆಯೇ ಹಿಂದಿರುಗಿಸುತ್ತೇವೆ. ಕೊನೆಯಲ್ಲಿ ಏನಾಗುತ್ತದೆಂಬುದು ನಮಗೆ ಗೊತ್ತು, ಆದರೆ ಹೇಳುವುದಿಲ್ಲ.